ಹೊರಗೆ ಕಾಣದ ಗಾಯ: ಹೊಟ್ಟೆಯ ಒಳಪೆಟ್ಟನ್ನು ಗುರುತಿಸಲು ಕಲಿತ ಕಥೆ

ಗ್ರಾಂಟ್ ರೋಡ್ ನಿಲ್ದಾಣದಲ್ಲಿ ದಿನವೂ ಹತ್ತಿ ಇಳಿಯುವ ಕನ್ನಡಿಗರು ಬಹಳ ಮಂದಿ. ಆದರೆ ಈ ಗ್ರಾಂಟ್ ಎಂಬಾತ ಯಾರು ಎಂದು ವಿಚಾರಿಸಿದವರು ವಿರಳ. ಆತ ಸರ್ ರಾಬರ್ಟ್ ಗ್ರಾಂಟ್, 1835ರಿಂದ 1838ರವರೆಗೆ ಮುಂಬಯಿ ಪ್ರಾಂತದ ಗವರ್ನರ್. ಈ ನಗರದಲ್ಲಿ ಆತನ ಹೆಸರು ಎರಡು ಕಡೆ ಉಳಿದಿದೆ. ಒಂದು ಈ ರಸ್ತೆ. ಅದಕ್ಕೆ ಮೌಲಾನಾ ಶೌಕತ್ ಅಲಿ ರಸ್ತೆ ಎಂಬ ಹೆಸರು ಬಂದರೂ ಜನರ ಬಾಯಲ್ಲಿ ಮತ್ತು ರೈಲ್ವೆಯ ಹಲಗೆಯ ಮೇಲೆ ಗ್ರಾಂಟ್ ರೋಡೇ ಉಳಿಯಿತು. ಇನ್ನೊಂದು ಗ್ರಾಂಟ್ ಮೆಡಿಕಲ್ ಕಾಲೇಜು. ಈ ನಾಡಿನ ತರುಣರಿಗೆ ಪಾಶ್ಚಾತ್ಯ ವೈದ್ಯ ಕಲಿಸುವ ಕಾಲೇಜೊಂದು ಮುಂಬಯಿಯಲ್ಲಿ ಆಗಬೇಕೆಂದು ಆತ ಹಂಬಲಿಸಿದ್ದ. ಕಣ್ಣಾರೆ ಕಾಣುವ ಮೊದಲೇ 1838ರಲ್ಲಿ ತೀರಿಕೊಂಡ. ಕಾಲೇಜು ಆರಂಭವಾದದ್ದು 1845ರಲ್ಲಿ. ಅದರ ಜತೆಗೆ ಸರ್ ಜಮ್‌ಷೆಟ್‌ಜಿ ಜೀಜೀಭಾಯ್ ಅವರ ಉದಾರ ದಾನದಿಂದ ಎದ್ದ ಆಸ್ಪತ್ರೆಯೇ ನಾವೆಲ್ಲ ಬಲ್ಲ ಜೆ. ಜೆ. ಆಸ್ಪತ್ರೆ. 1851ರಲ್ಲಿ ಹೊರಬಿದ್ದ ಮೊದಲ ಪದವೀಧರರ ತಂಡದಲ್ಲಿ ಡಾ. ಭಾವು ದಾಜಿ ಲಾಡ್ ಇದ್ದರು.

ಗ್ರಾಂಟ್ ರೋಡ್ ನಿಲ್ದಾಣದಿಂದ ಪೂರ್ವಕ್ಕೆ ಹೊರಟರೆ ಜೆ. ಜೆ. ಆಸ್ಪತ್ರೆ ಸಿಗುತ್ತದೆ. ಪಶ್ಚಿಮಕ್ಕೆ ಹೋಗಿ ಸಮುದ್ರದ ದಂಡೆ ಹಿಡಿದರೆ ಬ್ರೀಚ್ ಕ್ಯಾಂಡಿ ಆಸ್ಪತ್ರೆ. ಒಂದು ಬಡಬಗ್ಗರ ದೊಡ್ಡಾಸ್ಪತ್ರೆ, ಇನ್ನೊಂದು ಸಿರಿವಂತರದೆಂದು ಹೆಸರಾದದ್ದು. ಇವೆರಡರ ನಡುವಿನ ದಾರಿ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚಿರಲಾರದು. ಈ ಎರಡು ಆಸ್ಪತ್ರೆಗಳ ನಡುವೆ ನಿಂತು ವೈದ್ಯಶಾಸ್ತ್ರದ ಒಂದು ಹಳೆಯ ಪ್ರಶ್ನೆಯ ಚರಿತ್ರೆಯನ್ನು ಓದುಗರ ಮುಂದಿಡಬೇಕೆಂಬುದು ನಮ್ಮ ಉದ್ದೇಶ. ಪ್ರಶ್ನೆ ಇಷ್ಟೆ: ಹೊಟ್ಟೆಗೆ ಬಲವಾದ ಪೆಟ್ಟು ಬಿದ್ದಿದೆ, ಚರ್ಮದ ಮೇಲೆ ಒಂದು ಗೀರೂ ಇಲ್ಲ, ರಕ್ತದ ಹನಿಯಿಲ್ಲ. ಒಳಗೆ ಏನಾಗಿದೆ ಎಂದು ತಿಳಿಯುವುದು ಹೇಗೆ?

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿಯೆ. ಆದರೆ ಹೊಟ್ಟೆಯೊಳಗಿನ ಹುಣ್ಣಿಗೆ ಕನ್ನಡಿ ಬೇಕೇ ಬೇಕು. ಆ ಕನ್ನಡಿಯನ್ನು ಹುಡುಕುವುದರಲ್ಲಿ ಮನುಷ್ಯನಿಗೆ ಶತಮಾನಗಳೇ ಹಿಡಿದವು. ನಾವು ವೈದ್ಯರಲ್ಲ. ಬಿ.ಎಸ್‌ಸಿ. ಓದುವಾಗ ಕಪ್ಪೆಯ ಹೊಟ್ಟೆ ಕೊಯ್ದು ನೋಡಿದ್ದಷ್ಟೇ ನಮ್ಮ ಅಂಗರಚನೆಯ ಅನುಭವ. ಆಮೇಲೆ ಕೊಯ್ದದ್ದೆಲ್ಲ ಕೇಂದ್ರ ಸರಕಾರದ ಲಕೋಟೆಗಳನ್ನು! ಆದರೂ ಈ ವಿಷಯ ವೈದ್ಯರಿಗಷ್ಟೇ ಬಿಟ್ಟದ್ದಲ್ಲ. ಲೋಕಲ್ ಗಾಡಿಯ ಬಾಗಿಲಲ್ಲಿ ಜೋತು ಬೀಳುವವರು, ಹೋಟೆಲಿನ ಜಾರುವ ನೆಲದಲ್ಲಿ ಹಂಡೆ ಹೊರುವ ಹುಡುಗರು, ಸ್ಕೂಟರಿನ ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವವರು ಎಲ್ಲರೂ ನಮ್ಮವರೇ.

ಎರಡು ಗಡಿಯಾರಗಳು

ಮೊದಲು ಹೊಟ್ಟೆಯೊಳಗಿನ ಸಂಸಾರವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳೋಣ. ಅಲ್ಲಿ ಎರಡು ಬಗೆಯ ಅಂಗಗಳುಂಟು. ಯಕೃತ್ತು, ಗುಲ್ಮ, ಮೂತ್ರಪಿಂಡಗಳು ಗಟ್ಟಿ ಅಂಗಗಳು. ಇವುಗಳ ತುಂಬ ರಕ್ತ. ಜಠರ, ಕರುಳು, ಮೂತ್ರಕೋಶ ಟೊಳ್ಳು ಅಂಗಗಳು. ಇವು ಚೀಲ ಮತ್ತು ಕೊಳವೆಗಳಿದ್ದಂತೆ. ಗುಲ್ಮಕ್ಕೆ ಸಂಸ್ಕೃತದಲ್ಲಿ ಪ್ಲೀಹ ಎಂದೂ ಹೆಸರಿದೆ. ಎಡಗಡೆಯ ಕೆಳಪಕ್ಕೆಲುಬುಗಳ ಮರೆಯಲ್ಲಿ, ಮುಷ್ಟಿಯಷ್ಟು ಗಾತ್ರದಲ್ಲಿ, ಸುಮಾರು 150 ಗ್ರಾಂ ತೂಕದ ಮೆದುವಾದ ಅಂಗ ಅದು.

ಗಟ್ಟಿ ಅಂಗ ಬಿರಿದರೆ ರಕ್ತ ಹೊಟ್ಟೆಯೊಳಕ್ಕೇ ಹರಿಯುತ್ತದೆ. ಒಂದೆರಡು ಲೀಟರು ರಕ್ತ ಒಳಗೆ ಸೇರಿದರೂ ಹೊಟ್ಟೆ ಎದ್ದು ಕಾಣುವಂತೆ ಉಬ್ಬಬೇಕೆಂದಿಲ್ಲ. ಇಲ್ಲಿ ಗಡಿಯಾರ ನಿಮಿಷಗಳ ಲೆಕ್ಕದಲ್ಲಿ, ಇಲ್ಲವೇ ತಾಸುಗಳ ಲೆಕ್ಕದಲ್ಲಿ ಓಡುತ್ತದೆ. ಟೊಳ್ಳು ಅಂಗ ಹರಿದರೆ ರಕ್ತ ಅಷ್ಟಾಗಿ ಹೋಗದು. ಒಳಗಿದ್ದ ಆಹಾರರಸ, ಮಲ, ಕ್ರಿಮಿಗಳು ಸೋರಿ ಹೊಟ್ಟೆಯ ಒಳಪೊರೆಗೆ ಉರಿಯೂತ ಹತ್ತುತ್ತದೆ. ಈ ಗಡಿಯಾರ ನಿಧಾನ. ಮೊದಲ ಕೆಲವು ತಾಸು ರೋಗಿ ಎದ್ದು ಓಡಾಡಬಹುದು, ಮಾತಾಡಬಹುದು, ‘ಏನೂ ಆಗಿಲ್ಲ’ ಎಂದು ತಾನೇ ಹೇಳಬಹುದು. ಮಾರನೆಯ ದಿನಕ್ಕೆ ಜ್ವರ, ವಾಂತಿ, ಹಲಗೆಯಂತೆ ಬಿಗಿದ ಹೊಟ್ಟೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ ಎಂಬ ಗಾದೆ ಈ ಗಾಯಕ್ಕೆ ಅಕ್ಷರಶಃ ಸಲ್ಲುತ್ತದೆ.

ಈ ಎರಡು ಗಡಿಯಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯೆಲ್ಲ ಸುಲಭವಾಗಿ ತಿಳಿಯುತ್ತದೆ.

ಸತ್ತ ಮೇಲೆ ಸಿಕ್ಕ ಉತ್ತರ

ನಮ್ಮ ದೇಶದಲ್ಲಿ ಹೊಟ್ಟೆಯ ಒಳಪೆಟ್ಟು ದಾಖಲೆಗೆ ಬಂದದ್ದು ಹೆಚ್ಚಾಗಿ ಆಸ್ಪತ್ರೆಯ ವಾರ್ಡಿನಲ್ಲಲ್ಲ, ಶವಪರೀಕ್ಷೆಯ ಮೇಜಿನ ಮೇಲೆ. ಕಾರಣ ಮಲೇರಿಯ. ಮತ್ತೆ ಮತ್ತೆ ಚಳಿಜ್ವರ ಬಂದವರ ಗುಲ್ಮ ಊದಿ ಪಕ್ಕೆಲುಬಿನ ಮರೆಯಿಂದ ಕೆಳಗಿಳಿಯುತ್ತದೆ. ಇದನ್ನೇ ಹಿಂದಿನವರು ಜ್ವರಗಡ್ಡೆ ಎಂದರು. ಮಲೆನಾಡು, ಕನ್ನಡ ಜಿಲ್ಲೆಗಳ ಕಾಡಂಚಿನ ಊರುಗಳಲ್ಲಿ ಇದು ಮನೆಮಾತಾಗಿತ್ತು. ಒಂದೂರಿನಲ್ಲಿ ಮಲೇರಿಯ ಎಷ್ಟಿದೆ ಎಂದು ಅಳೆಯಲು ವೈದ್ಯರು ಮಕ್ಕಳ ಹೊಟ್ಟೆ ಮುಟ್ಟಿ, ನೂರಕ್ಕೆ ಎಷ್ಟು ಮಕ್ಕಳಿಗೆ ಗುಲ್ಮ ಊದಿದೆ ಎಂದು ಎಣಿಸುತ್ತಿದ್ದರು. ಮುಂಬಯಿಯೂ ಇದರಿಂದ ಹೊರತಲ್ಲ. ಈ ನಗರದ ಮಲೇರಿಯಕ್ಕೆ ಕಾರಣವೇನೆಂದು ಡಾ. ಬೆಂಟ್ಲಿ ತನಿಖೆ ಮಾಡಿ 1911ರಲ್ಲಿ ವರದಿ ಕೊಟ್ಟದ್ದುಂಟು. ಹೀಗೆ ಊದಿದ ಗುಲ್ಮ ಒಡೆಯಲು ದೊಡ್ಡ ಪೆಟ್ಟೇ ಬೇಕಿಲ್ಲ. ಒಂದು ಒದೆ, ಒಂದು ಗುದ್ದು, ಒಮ್ಮೆ ಮುಗ್ಗರಿಸಿ ಬಿದ್ದರೂ ಸಾಕು.

1856ರಲ್ಲಿ ನಾರ್ಮನ್ ಚೆವರ್ಸ್ ಎಂಬ ವೈದ್ಯ ಭಾರತದ ನ್ಯಾಯವೈದ್ಯವನ್ನು ಕುರಿತು ಬರೆದ ದೊಡ್ಡ ಗ್ರಂಥದಲ್ಲಿ ಈ ಬಗೆಯ ಸಾವುಗಳ ವಿಚಾರ ಬರುತ್ತದೆ. ವೈದ್ಯಕೀಯ ಸತ್ಯವೇ ಆಗಿದ್ದ ಈ ಮಾತು ನ್ಯಾಯಾಲಯದಲ್ಲಿ ಬೇರೆಯೇ ಕೆಲಸಕ್ಕೆ ಬಂದಿತು. ಬಿಳಿಯ ಯಜಮಾನ ಆಳನ್ನು ಹೊಡೆದು ಆಳು ಸತ್ತರೆ, ‘ಆತನ ಗುಲ್ಮ ಮೊದಲೇ ರೋಗಗ್ರಸ್ತವಾಗಿತ್ತು’ ಎಂದರೆ ಕೊಲೆಯ ಆರೋಪ ಸಣ್ಣ ಹಲ್ಲೆಗೆ ಇಳಿಯುತ್ತಿತ್ತು.

ಇದರಲ್ಲಿ ಹೆಸರಾದದ್ದು ಆಗ್ರಾದ ಫುಲ್ಲರ್ ಪ್ರಕರಣ. 1875ರಲ್ಲಿ ಫುಲ್ಲರ್ ಎಂಬ ಇಂಗ್ಲಿಷ್ ವಕೀಲ, ಇಗರ್ಜಿಗೆ ಹೊರಟಾಗ ಗಾಡಿಯ ಬಳಿ ಹೊತ್ತಿಗೆ ಸರಿಯಾಗಿ ಇರಲಿಲ್ಲವೆಂದು ತನ್ನ ಕುದುರೆಯಾಳು ಕತ್ವಾರುವನ್ನು ಹೊಡೆದ. ಆಳು ಬಿದ್ದ, ಎದ್ದ, ಪಕ್ಕದ ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿನಲ್ಲೇ ಸತ್ತ. ಶವಪರೀಕ್ಷೆಯಲ್ಲಿ ಊದಿದ ಗುಲ್ಮ ಒಡೆದದ್ದು ಕಂಡುಬಂತು. ಮ್ಯಾಜಿಸ್ಟ್ರೇಟ್ ವಿಧಿಸಿದ ದಂಡ 30 ರೂಪಾಯಿ. ವೈಸ್‌ರಾಯ್ ಲಾರ್ಡ್ ಲಿಟನ್ 1876ರಲ್ಲಿ ಈ ತೀರ್ಪನ್ನು ಬಹಿರಂಗವಾಗಿ ಖಂಡಿಸಿದಾಗ ಇಲ್ಲಿನ ಇಂಗ್ಲಿಷರು ಆತನ ಮೇಲೇ ಹರಿಹಾಯ್ದರು.

ಕತ್ವಾರು ಬಿದ್ದು, ಎದ್ದು, ನಡೆದುಹೋದ ಎಂಬುದನ್ನು ಗಮನಿಸಬೇಕು. ಒಳಪೆಟ್ಟಿನ ಲಕ್ಷಣವೇ ಅದು. ಎದ್ದು ನಡೆದವನ ಹೊಟ್ಟೆಯನ್ನು ಆ ಹೊತ್ತಿಗೆ ಯಾರೂ ಮುಟ್ಟಿ ನೋಡಲಿಲ್ಲ. ನೋಡಿದ್ದರೂ 1875ರ ವೈದ್ಯ ಮಾಡಬಹುದಾದದ್ದು ಏನೂ ಇರಲಿಲ್ಲ ಎನ್ನಬೇಕು. ಒಳಗಾಯದ ಉತ್ತರ ಸಿಗುತ್ತಿದ್ದುದು ಸತ್ತ ಮೇಲೆಯೇ. ಆ ಉತ್ತರ ಉಪಯೋಗಕ್ಕೆ ಬರುತ್ತಿದ್ದುದು ಸತ್ತವನಿಗಲ್ಲ, ಹೊಡೆದವನಿಗೆ.

ತಟ್ಟಿ, ಮುಟ್ಟಿ, ಕಿವಿಗೊಟ್ಟು

ಬದುಕಿರುವಾಗಲೇ ಒಳಗನ್ನು ತಿಳಿಯುವ ಪ್ರಯತ್ನ ಹಳೆಯದು. ನಮ್ಮ ಸುಶ್ರುತಸಂಹಿತೆಯಲ್ಲಿ ಕೋಷ್ಠದ, ಎಂದರೆ ಮುಂಡದೊಳಗಿನ ಅಂಗಗಳ, ಗಾಯಗಳ ಲಕ್ಷಣಗಳನ್ನು ಹೇಳಿದೆ. ಹರಿದ ಕರುಳಿನ ಅಂಚುಗಳನ್ನು ಕೂಡಿಸಿ ಕರಿಯ ಇರುವೆಗಳಿಂದ ಕಚ್ಚಿಸಿ, ತಲೆಯನ್ನಷ್ಟೇ ಉಳಿಸಿ ಹೊಲಿಗೆಯಂತೆ ಬಳಸುವ ವಿಧಾನವೂ ಅಲ್ಲಿದೆ. ಓದಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಮೇಲೆ ಗಾಯವಿಲ್ಲದ ಹೊಟ್ಟೆಯನ್ನು ಶಂಕೆಯ ಮೇಲೆ ತೆರೆದು ನೋಡುವುದು ಅರಿವಳಿಕೆ ಬರುವವರೆಗೆ ಸಾಧ್ಯವಿರಲಿಲ್ಲ. 1846ರಲ್ಲಿ ಈಥರ್, ಮರುವರ್ಷ ಕ್ಲೋರೋಫಾರ್ಮ್ ಬಂದವು. ಕ್ರಿಮಿನಾಶಕಗಳನ್ನು ಬಳಸುವ ಲಿಸ್ಟರನ ವಿಧಾನ 1867ರಲ್ಲಿ ಪ್ರಕಟವಾಯಿತು. ಆ ಬಳಿಕವೇ ಶಸ್ತ್ರವೈದ್ಯ ಧೈರ್ಯವಾಗಿ ಹೊಟ್ಟೆಗೆ ಕೈ ಹಾಕಿದ್ದು.

ತೆರೆಯುವ ಮೊದಲು ತಿಳಿಯುವುದು ಹೇಗೆ? ಇದಕ್ಕೆ ಸಿಕ್ಕ ಮೊದಲ ಉಪಾಯ ನಮ್ಮ ಹೋಟೆಲ್ ಬಾಂಧವರಿಗೆ ಹಿಡಿಸುವಂಥದು. ಆಸ್ಟ್ರಿಯದ ಗ್ರಾಟ್ಸ್ ಊರಿನ ಹೋಟೆಲಿನವನೊಬ್ಬನ ಮಗ ಔಎನ್‌ಬ್ರುಗ್ಗರ್. ದ್ರಾಕ್ಷಾರಸದ ಪೀಪಾಯಿಯಲ್ಲಿ ರಸ ಎಲ್ಲಿಯವರೆಗೆ ಇದೆ ಎಂದು ತಿಳಿಯಲು ಪೀಪಾಯಿಯನ್ನು ಬೆರಳಿಂದ ತಟ್ಟಿ ನೋಡುವುದನ್ನು ಬಾಲ್ಯದಲ್ಲೇ ಬಲ್ಲವನು. ಖಾಲಿ ಜಾಗ ಡೊಳ್ಳಿನಂತೆ ನುಡಿಯುತ್ತದೆ, ತುಂಬಿದ ಜಾಗ ಮಂದವಾಗಿ. ವೈದ್ಯನಾದ ಮೇಲೆ ಆತ ಇದನ್ನೇ ಮನುಷ್ಯನ ಎದೆಗೆ ಅನ್ವಯಿಸಿ 1761ರಲ್ಲಿ ಪುಸ್ತಕ ಬರೆದ. ಹೊಟ್ಟೆಗೂ ಅದೇ ನ್ಯಾಯ: ಗಾಳಿ ತುಂಬಿದ ಕರುಳು ನುಡಿಯುತ್ತದೆ, ರಕ್ತ ತುಂಬಿದ ಜಾಗ ಮಂದವಾಗುತ್ತದೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತೊಸ್ಕೋಪ್ ಕಂಡುಹಿಡಿದ. ಆರೋಗ್ಯದ ಹೊಟ್ಟೆ ಗುಡುಗುಟ್ಟುತ್ತಲೇ ಇರುತ್ತದೆ. ಒಳಪೊರೆಗೆ ಉರಿಯೂತ ಹತ್ತಿದರೆ ಹೊಟ್ಟೆ ಮೌನವಾಗುತ್ತದೆ.

ಜರ್ಮನಿಯ ಶಸ್ತ್ರವೈದ್ಯ ಹಾನ್ಸ್ ಕೆಹ್ರ್ ಅವರ ಹೆಸರಿನಲ್ಲಿ ಇನ್ನೊಂದು ವಿಚಿತ್ರ ಚಿಹ್ನೆ ಉಂಟು. ಗುಲ್ಮ ಒಡೆದಾಗ ನೋವು ಎಡಭುಜದ ತುದಿಯಲ್ಲಿ ಕಾಣಿಸಿಕೊಳ್ಳಬಹುದು. ಹೊಟ್ಟೆಗೂ ಎದೆಗೂ ನಡುವೆ ಇರುವ ವಪೆಯನ್ನು ರಕ್ತ ಕೆಣಕುತ್ತದೆ. ವಪೆಯ ನರವೂ ಭುಜದ ಚರ್ಮದ ನರವೂ ಕುತ್ತಿಗೆಯ ಒಂದೇ ಎಡೆಯಿಂದ ಹೊರಡುವುದರಿಂದ ಮಿದುಳು ತಪ್ಪು ವಿಳಾಸಕ್ಕೆ ನೋವನ್ನು ತಲುಪಿಸುತ್ತದೆ. ಅಂಚೆ ಇಲಾಖೆಯಲ್ಲೂ ಇಂಥದು ನಡೆಯುವುದುಂಟಷ್ಟೆ.

1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣ ಕಂಡುಹಿಡಿದಾಗ ಕನ್ನಡಿ ಸಿಕ್ಕೇಬಿಟ್ಟಿತು ಎಂದು ಲೋಕ ಹಿಗ್ಗಿತು. ಮೂಳೆಯ ಮಟ್ಟಿಗೆ ಅದು ಹೌದು. ಹೊಟ್ಟೆಯ ಮೆತ್ತನೆಯ ಅಂಗಗಳು ಕ್ಷ-ಕಿರಣಕ್ಕೆ ಒಂದರಂತೆ ಇನ್ನೊಂದು ಕಾಣುತ್ತವೆ. ರಕ್ತವೂ ಹಾಗೆಯೇ. ಅದು ಚೆನ್ನಾಗಿ ತೋರಿಸುವುದು ಒಂದನ್ನು: ಹರಿದ ಕರುಳಿನಿಂದ ತಪ್ಪಿಸಿಕೊಂಡ ಗಾಳಿಯನ್ನು. ರೋಗಿಯನ್ನು ಕೂರಿಸಿ ಇಲ್ಲವೇ ನಿಲ್ಲಿಸಿ ಚಿತ್ರ ತೆಗೆದರೆ ಆ ಗಾಳಿ ಮೇಲೇರಿ ವಪೆಯ ಕೆಳಗೆ ಕಪ್ಪು ಅರ್ಧಚಂದ್ರದಂತೆ ಕಾಣುತ್ತದೆ. ಆದರೆ ತೂತು ಚಿಕ್ಕದಾಗಿದ್ದರೆ, ಗಾಳಿ ಇನ್ನೂ ಸೋರಿರದಿದ್ದರೆ, ರೋಗಿಯನ್ನು ಮಲಗಿಸಿಯೇ ಚಿತ್ರ ತೆಗೆದಿದ್ದರೆ ಅದು ಕಾಣದೆಯೇ ಹೋಗಬಹುದು. ಇಂದು ಕಾಣದ್ದು ನಾಳೆ ಕಾಣಲೂಬಹುದು.

ಬೆಂಗಳೂರಿನಿಂದ ಬ್ರೀಚ್ ಕ್ಯಾಂಡಿಗೆ

ಇದೆಲ್ಲ ಪುಸ್ತಕದ ಮಾತಾಗಿದ್ದದ್ದು 1982ರಲ್ಲಿ ಇಡೀ ದೇಶದ ಮನೆಮಾತಾಯಿತು. ಅದರ ಮೊದಲ ಅಂಕ ನಡೆದದ್ದು ಕನ್ನಡನಾಡಿನಲ್ಲಿ, ಎರಡನೆಯದು ನಮ್ಮ ಗ್ರಾಂಟ್ ರೋಡಿನ ಪಕ್ಕದಲ್ಲಿ.

ಗ್ರಾಂಟ್ ರೋಡ್ ಆಗ ಸಿನೆಮಾದ ಪೇಟೆ. ಲ್ಯಾಮಿಂಗ್ಟನ್ ರೋಡಿನ ಮಿನರ್ವ, ನಾಝ್, ಅಪ್ಸರಾ ಚಿತ್ರಮಂದಿರಗಳು ಇಲ್ಲಿಯವೇ. ಪಕ್ಕದ ಖೇತವಾಡಿಯಲ್ಲಿ ವಾಸವಾಗಿದ್ದ ನಿರ್ದೇಶಕ ಮನಮೋಹನ ದೇಸಾಯಿ ‘ಕೂಲಿ’ ಎಂಬ ಚಿತ್ರ ತೆಗೆಯುತ್ತಿದ್ದರು. ರೈಲ್ವೆ ನಿಲ್ದಾಣದ ಹಮಾಲನ ಪಾತ್ರದಲ್ಲಿ ಅಮಿತಾಭ್ ಬಚ್ಚನ್. 1982ರ ಜುಲೈ ಕೊನೆಯ ಭಾಗದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ಹೊಡೆದಾಟದ ದೃಶ್ಯವೊಂದರ ಚಿತ್ರೀಕರಣ. ಗುದ್ದು ತಿಂದಂತೆ ನಟಿಸಿ ಮೇಜಿನ ಮೇಲೆ ಬಿದ್ದು ನೆಲಕ್ಕೆ ಉರುಳಬೇಕು. ಲೆಕ್ಕ ಕೊಂಚ ತಪ್ಪಿ ಮೇಜಿನ ಮೂಲೆ ಹೊಟ್ಟೆಗೆ ನಾಟಿತು. ಚರ್ಮ ಹರಿಯಲಿಲ್ಲ, ರಕ್ತ ಸುರಿಯಲಿಲ್ಲ. ನೋವಿತ್ತು, ಹೊಡೆದಾಟದ ದೃಶ್ಯಗಳಲ್ಲಿ ನೋವು ಯಾರಿಗೂ ಹೊಸದಲ್ಲ.

ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದ ವಿವರ ಇಷ್ಟು. ಮೊದಲು ತೆಗೆದ ಕ್ಷ-ಕಿರಣ ಚಿತ್ರಗಳಿಂದ ಗಾಯ ಗೊತ್ತಾಗಲಿಲ್ಲ. ನೋವು ಇಳಿಯಲಿಲ್ಲ, ಸ್ಥಿತಿ ಬಿಗಡಾಯಿಸುತ್ತ ಹೋಯಿತು. ಸೇಂಟ್ ಫಿಲೋಮಿನಾ ಆಸ್ಪತ್ರೆಯಲ್ಲಿ ವೆಲ್ಲೂರಿನ ಖ್ಯಾತ ಶಸ್ತ್ರವೈದ್ಯ ಡಾ. ಎಚ್. ಎಸ್. ಭಟ್ ಅವರು ನೋಡಿದ ಮೇಲೆ ತಡಮಾಡದೆ ಹೊಟ್ಟೆ ತೆರೆಯಬೇಕೆಂದು ನಿರ್ಧಾರವಾಯಿತು. ತೆರೆದಾಗ ಕರುಳು ಹರಿದದ್ದು ಕಂಡಿತು. ಅಷ್ಟರಲ್ಲಿ ಸೋರಿದ ವಿಷ ಒಳಗೆಲ್ಲ ಹಬ್ಬಿತ್ತು. ಕೆಲವೇ ದಿನಗಳಲ್ಲಿ ಅವರನ್ನು ವಿಮಾನದಲ್ಲಿ ಮುಂಬಯಿಗೆ ತಂದು ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಸೇರಿಸಲಾಯಿತು. ಅಲ್ಲಿ ಮತ್ತೆ ಶಸ್ತ್ರಕ್ರಿಯೆ. ಆಗಸ್ಟ್ 2ರಂದು ನಾಡಿ ನಿಂತಂತಾಗಿ, ಕಾಲ್ಬೆರಳು ಅಲುಗಿದ್ದನ್ನು ಪತ್ನಿ ಜಯಾ ಕಂಡು ಕೂಗಿದರೆಂದೂ, ವೈದ್ಯರು ಬಿಡದೆ ಪ್ರಯತ್ನಿಸಿ ಬದುಕಿಸಿದರೆಂದೂ ಅವರೇ ಹೇಳಿಕೊಂಡಿದ್ದಾರೆ. ಆ ದಿನವನ್ನು ತನ್ನ ಎರಡನೆಯ ಹುಟ್ಟುಹಬ್ಬವೆಂದು ಅವರು ನೆನೆಯುತ್ತಾರೆ. ಪ್ರಧಾನಿ ಇಂದಿರಾ ಗಾಂಧಿ ಆಸ್ಪತ್ರೆಗೆ ಬಂದು ನೋಡಿದರು. ಹೊರಗೆ ರಸ್ತೆಯಲ್ಲಿ ಜನ ಹಗಲಿರುಳು ನಿಂತರು. ದೇವಸ್ಥಾನ, ಮಸೀದಿ, ಇಗರ್ಜಿ, ಗುರುದ್ವಾರಗಳಲ್ಲಿ ಹರಕೆ ಹೊತ್ತರು. ಸೆಪ್ಟೆಂಬರ್ 24ರಂದು ಅವರು ಮನೆಗೆ ಮರಳಿದರು.

ಗುಲ್ಮ ಒಡೆದಿತ್ತು ಎಂದು ಕೆಲವು ಬರಹಗಳಲ್ಲಿ ಕಾಣುತ್ತದೆ. ಆ ಕಾಲದ ವರದಿಗಳು ಹೇಳುವುದು ಸಣ್ಣ ಕರುಳಿನ ಗಾಯವನ್ನು. ನಾವು ಮೊದಲು ಹೇಳಿದ ಎರಡು ಗಡಿಯಾರಗಳನ್ನು ನೆನೆದರೆ ಇದೇ ಸರಿಯೆನಿಸುತ್ತದೆ. ಮೊದಲ ದಿನ ಬರೀ ನೋವು, ಆಮೇಲೆ ದಿನದಿಂದ ದಿನಕ್ಕೆ ಹೆಚ್ಚುವ ವಿಷ. ಇದು ನಿಧಾನದ ಗಡಿಯಾರ, ಟೊಳ್ಳು ಅಂಗದ್ದು.

ಚಿತ್ರ 1983ರಲ್ಲಿ ತೆರೆಗೆ ಬಂತು. ಪೆಟ್ಟು ಬಿದ್ದ ಕ್ಷಣದಲ್ಲಿ ದೃಶ್ಯವನ್ನು ನಿಲ್ಲಿಸಿ, ಇಲ್ಲಿಯೇ ಪೆಟ್ಟಾದದ್ದು ಎಂದು ಅಕ್ಷರದಲ್ಲಿ ತೋರಿಸಿದರು. ಕಥೆಯಲ್ಲಿ ಸಾಯಬೇಕಿದ್ದ ನಾಯಕನನ್ನು ದೇಸಾಯಿಯವರು ಬದುಕಿಸಿದರು. ಆ ನಿಂತ ಚಿತ್ರವನ್ನು ಈಗ ನೋಡಿದರೂ ಅನಿಸುವುದು, ಇಷ್ಟೇನಾ ಪೆಟ್ಟು ಎಂದು. ನೋಡಿದವರಿಗೆ ಇಷ್ಟೇ ಎನಿಸುವುದರಲ್ಲಿಯೇ ಈ ಗಾಯದ ಅಪಾಯವಿರುವುದು.

ಈ ಕಥೆಗೆ ಇನ್ನೊಂದು ಬಾಲವೂ ಉಂಟು. ಆಗ ತಮಗೆ ಸುಮಾರು 200 ಮಂದಿ ದಾನಿಗಳ 60 ಬಾಟಲಿ ರಕ್ತ ಕೊಡಲಾಗಿತ್ತೆಂದೂ, ಅದರಲ್ಲೊಂದರಿಂದ ಹೆಪಟೈಟಿಸ್ ಬಿ ಸೋಂಕು ತಗಲಿ ಬಹಳ ವರ್ಷಗಳ ಬಳಿಕ ಯಕೃತ್ತಿನ ಮುಕ್ಕಾಲು ಭಾಗ ಹಾಳಾದದ್ದು ತಿಳಿಯಿತೆಂದೂ ಬಚ್ಚನ್ ಅವರೇ ಸಾರ್ವಜನಿಕವಾಗಿ ಹೇಳಿದ್ದಾರೆ. ಗಾಯ ತಡವಾಗಿ ತಿಳಿದಷ್ಟೂ ಚಿಕಿತ್ಸೆ ದೊಡ್ಡದಾಗುತ್ತದೆ. ಚಿಕಿತ್ಸೆ ದೊಡ್ಡದಾದಷ್ಟೂ ಅದರ ಸಾಲವೂ ದೊಡ್ಡದು.

ಸೂಜಿ, ನೀರು, ಧ್ವನಿ

ಹಾಗಾದರೆ ಕ್ಷ-ಕಿರಣಕ್ಕೆ ಕಾಣದ್ದನ್ನು ಕಾಣಲು ಬೇರೆ ದಾರಿ ಇರಲಿಲ್ಲವೆ? ಇತ್ತು, ಅದು ಬೆಳೆಯುತ್ತಿತ್ತು. ಹೊಟ್ಟೆಗೆ ಸೂಜಿ ಚುಚ್ಚಿ ರಕ್ತ ಬರುವುದೇ ಎಂದು ನೋಡುವ ಕ್ರಮ 20ನೆಯ ಶತಮಾನದ ಆರಂಭದಿಂದಲೇ ಇತ್ತು. ಸೂಜಿಗೆ ರಕ್ತ ಸಿಗದಿದ್ದರೆ ರಕ್ತವಿಲ್ಲವೆಂದು ಹೇಳುವಂತಿರಲಿಲ್ಲ. 1965ರಲ್ಲಿ ಅಮೆರಿಕದ ಡಾ. ಡೇವಿಡ್ ರೂಟ್ ಮತ್ತು ಸಂಗಡಿಗರು ಒಂದು ಸರಳ ಉಪಾಯ ಪ್ರಕಟಿಸಿದರು. ಹೊಕ್ಕುಳ ಕೆಳಗೆ ಚಿಕ್ಕ ರಂಧ್ರ ಮಾಡಿ ತೆಳುವಾದ ನಳಿಕೆ ಇಳಿಸಿ, ಒಂದು ಲೀಟರಿನಷ್ಟು ಉಪ್ಪುನೀರಿನ ದ್ರಾವಣವನ್ನು ಒಳಬಿಟ್ಟು ಮತ್ತೆ ಹೊರತೆಗೆಯುವುದು. ಪಾತ್ರೆ ತೊಳೆದ ನೀರು ಪಾತ್ರೆಯಲ್ಲಿದ್ದದ್ದನ್ನು ಹೇಳುವಂತೆ, ಹೊರಬಂದ ನೀರು ಒಳಗಿನ ಸಮಾಚಾರ ಹೇಳುತ್ತದೆ. ಒಂದು ಘನ ಮಿಲಿಮೀಟರಿನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಕೆಂಪು ಕಣಗಳಿದ್ದರೆ ಶಸ್ತ್ರಕ್ರಿಯೆ ಬೇಕೆಂಬ ಅಳತೆ ರೂಢಿಗೆ ಬಂತು. ಪ್ರಯೋಗಶಾಲೆ ದೂರವಿದ್ದ ಕಡೆ ವೈದ್ಯರು ಆ ನೀರಿನ ನಳಿಕೆಯ ಹಿಂದೆ ವರ್ತಮಾನಪತ್ರಿಕೆ ಹಿಡಿಯುತ್ತಿದ್ದರು. ಅಕ್ಷರ ಓದಲು ಬಾರದಷ್ಟು ಕೆಂಪಾಗಿದ್ದರೆ ರೋಗಿ ನೇರ ಶಸ್ತ್ರಕ್ರಿಯೆಯ ಕೋಣೆಗೆ.

ಇದರ ದೋಷ ಎರಡು. ತಾನೇ ನಿಲ್ಲುವಂಥ ಸಣ್ಣ ರಕ್ತಸ್ರಾವಕ್ಕೂ ಇದು ಕೂಗೆಬ್ಬಿಸುತ್ತಿತ್ತು. ಬೇಡದ ಶಸ್ತ್ರಕ್ರಿಯೆಗಳು ನಡೆದವು. ಹೊಟ್ಟೆಯ ಹಿಂಗೋಡೆಗೆ ಅಂಟಿಕೊಂಡ ಮೂತ್ರಪಿಂಡ, ಮೇದೋಜೀರಕ ಗ್ರಂಥಿಗಳ ಗಾಯ ಈ ನೀರಿಗೆ ಸಿಗುತ್ತಿರಲಿಲ್ಲ.

ಆಮೇಲೆ ಬಂದದ್ದು ಸಿ.ಟಿ. ಸ್ಕ್ಯಾನ್. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರಲ್ಲಿ. 1979ರಲ್ಲಿ ಆತನಿಗೂ ಕಾರ್ಮ್ಯಾಕ್‌ಗೂ ನೊಬೆಲ್ ಬಂತು. 1980ರ ದಶಕದಿಂದ ಪೆಟ್ಟು ಬಿದ್ದ ಹೊಟ್ಟೆಗಳನ್ನು ನೋಡಲು ಇದರ ಬಳಕೆ ಬೆಳೆಯಿತು. ಯಾವ ಅಂಗ, ಎಷ್ಟು ಆಳಕ್ಕೆ ಬಿರಿದಿದೆ ಎಂದು ಇದು ಹೇಳಬಲ್ಲದು. ಧ್ವನಿಯ ಅಲೆಗಳಿಂದ ನೋಡುವ ಅಲ್ಟ್ರಾಸೌಂಡ್ ಇನ್ನೊಂದು. ಬಸುರಿಯರ ಪರೀಕ್ಷೆಗೆ ಬಳಸುವ ಯಂತ್ರವೇ ಅದು. ಯಕೃತ್ತಿನ ಬಳಿ, ಗುಲ್ಮದ ಬಳಿ, ಮೂತ್ರಕೋಶದ ಸುತ್ತ, ಹೃದಯದ ಸುತ್ತ ಹೀಗೆ ನಾಲ್ಕು ಕಡೆ ಇಟ್ಟು ರಕ್ತ ನಿಂತಿದೆಯೇ ಎಂದು ಕೆಲವೇ ನಿಮಿಷಗಳಲ್ಲಿ ನೋಡುವ ಕ್ರಮ 1990ರ ದಶಕದಲ್ಲಿ ರೂಢಿಗೆ ಬಂತು. ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಬೇಕಿಲ್ಲ, ಬೇಕಾದಷ್ಟು ಸಲ ಮತ್ತೆ ನೋಡಬಹುದು.

ಉಪಕರಣಗಳಷ್ಟೇ ಮುಖ್ಯವಾದದ್ದು ನೋಡುವ ಕ್ರಮ. 1976ರ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಡಾ. ಜೇಮ್ಸ್ ಸ್ಟೈನರ್ ಎಂಬ ಮೂಳೆವೈದ್ಯ ತಾನೇ ನಡೆಸುತ್ತಿದ್ದ ಪುಟ್ಟ ವಿಮಾನ ಹೊಲದಲ್ಲಿ ಬಿತ್ತು. ಹೆಂಡತಿ ಅಲ್ಲಿಯೇ ತೀರಿದಳು, ನಾಲ್ಕು ಮಕ್ಕಳಿಗೆ ಗಾಯ. ಸಣ್ಣ ಊರಿನ ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡಿದ ರೀತಿ ಕಂಡು ಆತ ಬೇಸತ್ತ. ಗಾಯಾಳುವನ್ನು ಯಾವ ಅನುಕ್ರಮದಲ್ಲಿ ನೋಡಬೇಕು ಎಂಬುದಕ್ಕೆ ಪಾಠಕ್ರಮವೊಂದನ್ನು ಸಂಗಡಿಗರೊಡನೆ ಕೂಡಿ ರಚಿಸಿದ: ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ, ನೋಡಿ ಮುಗಿದ ಮೇಲೆ ಮತ್ತೆ ಮೊದಲಿನಿಂದ. 1980ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಇದನ್ನು ಅಂಗೀಕರಿಸಿತು. ಇಂದು ನಮ್ಮ ದೇಶದಲ್ಲೂ ವೈದ್ಯರು ಇದನ್ನು ಕಲಿಯುತ್ತಾರೆ.

ವಿಚಿತ್ರವೆಂದರೆ, ಕನ್ನಡಿ ಸ್ಪಷ್ಟವಾದಷ್ಟೂ ಕತ್ತಿಯ ಕೆಲಸ ಕಡಿಮೆಯಾಯಿತು. ಹಿಂದೆ ಗುಲ್ಮ ಒಡೆದರೆ ತೆಗೆದುಹಾಕುವುದೊಂದೇ ದಾರಿ. ಗುಲ್ಮ ತೆಗೆದ ಶಿಶುಗಳಿಗೆ ಮುಂದೆ ಘೋರ ಸೋಂಕು ತಗಲುವ ಅಪಾಯವನ್ನು 1952ರಲ್ಲಿ ಕಿಂಗ್ ಮತ್ತು ಶೂಮೇಕರ್ ತೋರಿಸಿದ ಮೇಲೆ ಅದನ್ನು ಉಳಿಸಿಕೊಳ್ಳುವ ಯೋಚನೆ ಬಂತು. ಈಗ ರೋಗಿಯ ನಾಡಿ, ರಕ್ತದೊತ್ತಡ ನೆಟ್ಟಗಿದ್ದರೆ ಕತ್ತಿ ಎತ್ತದೆ, ಆಸ್ಪತ್ರೆಯಲ್ಲೇ ಇರಿಸಿ, ಮತ್ತೆ ಮತ್ತೆ ನೋಡುತ್ತ ಕಾಯುತ್ತಾರೆ. ಸುಮ್ಮನೆ ಇರಿಸಿಕೊಂಡು ಬಿಲ್ ಏರಿಸುತ್ತಾರೆ ಎಂದು ಗೊಣಗುವವರು ಇದನ್ನು ತಿಳಿಯಬೇಕು. ಆ ಕಾಯುವಿಕೆಯೇ ಚಿಕಿತ್ಸೆ.

ಎರಡನೆಯ ನೋಟ

ಈ ಚರಿತ್ರೆಯಿಂದ ನಾವು ತಿಳಿದದ್ದು ಒಂದೇ ಮಾತು. ಹೊಟ್ಟೆಯ ಒಳಪೆಟ್ಟನ್ನು ಒಂದೇ ನೋಟದಲ್ಲಿ ಖಚಿತವಾಗಿ ಹೇಳುವ ಕನ್ನಡಿ ಇಂದಿಗೂ ಇಲ್ಲ. ಅಲ್ಟ್ರಾಸೌಂಡ್ ಹರಿದ ಕರುಳನ್ನು ಕಾಣದೆ ಹೋಗಬಹುದು, ಸಿ.ಟಿ.ಯೂ ಒಮ್ಮೊಮ್ಮೆ ತಪ್ಪುತ್ತದೆ. ರಕ್ತ ಹೋದ ಕೂಡಲೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿದರೆ ಅಂಕಿ ಸರಿಯಾಗಿಯೇ ಬರಬಹುದು, ಉಳಿದ ರಕ್ತ ಇನ್ನೂ ತೆಳುವಾಗಿರುವುದಿಲ್ಲವಲ್ಲ. ದೇಹದ ರಕ್ತದಲ್ಲಿ ನೂರಕ್ಕೆ ಮೂವತ್ತರಷ್ಟು ಹೋಗುವವರೆಗೂ ಒತ್ತಡ ನೆಟ್ಟಗೆ ತೋರಬಹುದು. ಅದಕ್ಕೆ ಮೊದಲೇ ಏರುವುದು ನಾಡಿ. ಆದ್ದರಿಂದ ಪ್ರಾಣ ಉಳಿಸುವುದು ಎರಡನೆಯ ನೋಟ, ಮೂರನೆಯ ನೋಟ. ಕತ್ವಾರುವಿಗೆ ಮೊದಲ ನೋಟವೇ ಸಿಗಲಿಲ್ಲ. ತೆರೆಯ ಮೇಲಿನ ಕೂಲಿಗೆ ದೇಶವೇ ಕಾವಲು ನಿಂತು ನೋಡಿತು. ನಿಲ್ದಾಣದ ನಿಜವಾದ ಕೂಲಿಗೆ, ಹೋಟೆಲಿನ ಹುಡುಗನಿಗೆ, ಊರಿನಿಂದ ಬಂದು ಖೋಲಿಯಲ್ಲಿ ನಾಲ್ಕೈದು ಜನರೊಡನೆ ಇರುವ ತರುಣನಿಗೆ ಆ ಎರಡನೆಯ ನೋಟ ಕೊಡಿಸುವವರು ಯಾರು? ಜತೆಯವರು, ಮನೆಯವರು, ಧಣಿಗಳು. ಎಂದರೆ ನಾವೇ.

ಆದ್ದರಿಂದ ಕೆಲವು ಮಾತು. ಹೊಟ್ಟೆಗೆ ಬಲವಾದ ಪೆಟ್ಟು ಬಿದ್ದವರಿಗೆ ಎಣ್ಣೆ ಹಚ್ಚಿ ನೀವಬೇಡಿ, ನರ ಸರಿಪಡಿಸುವವರ ಬಳಿ ಒಯ್ಯಬೇಡಿ. ಊಟ, ಕಾಫಿ, ಹಾಲು ಏನನ್ನೂ ಕೊಡಬೇಡಿ. ಶಸ್ತ್ರಕ್ರಿಯೆ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ನೋವಿನ ಮಾತ್ರೆ ನುಂಗಿಸಿ ಮಲಗಿಸಬೇಡಿ, ಆಸ್ಪತ್ರೆಗೆ ಒಯ್ಯಿರಿ. ಪೆಟ್ಟು ಹೇಗೆ ಬಿತ್ತು ಎಂಬುದನ್ನು ವೈದ್ಯರಿಗೆ ಸರಿಯಾಗಿ ಹೇಳಿ. ಮೇಜಿನ ಮೂಲೆಯೋ, ಸ್ಕೂಟರಿನ ಹಿಡಿಯೋ, ಮಗುವಿನ ಸೈಕಲ್ಲಿನ ಹ್ಯಾಂಡಲೋ ಎಂಬುದರಿಂದ ಯಾವ ಅಂಗವನ್ನು ಶಂಕಿಸಬೇಕೆಂದು ಅವರಿಗೆ ತಿಳಿಯುತ್ತದೆ. ಹೊಡೆದಾಟದಲ್ಲಿ ಬಿದ್ದ ಪೆಟ್ಟನ್ನು ಪೊಲೀಸರ ಹೆದರಿಕೆಯಿಂದ ‘ಬಿದ್ದೆ’ ಎಂದು ಮುಚ್ಚಿಡಬೇಡಿ.

ಪರೀಕ್ಷೆ ಮಾಡಿ ಮನೆಗೆ ಕಳುಹಿಸಿದರೂ ಒಂದೆರಡು ದಿನ ಒಬ್ಬರನ್ನೇ ಖೋಲಿಯಲ್ಲಿ ಬಿಡಬೇಡಿ. ನೋವು ಏರುತ್ತಿದ್ದರೆ, ಭುಜ ನೋಯುತ್ತಿದ್ದರೆ, ಹೊಟ್ಟೆ ಬಿಗಿದರೆ, ವಾಂತಿ, ಜ್ವರ, ತಲೆಸುತ್ತು, ತಣ್ಣನೆಯ ಬೆವರು ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ ನಡುರಾತ್ರಿಯಾದರೂ ಹಿಂತಿರುಗಿ. ‘ನಿನ್ನೆಯೇ ನೋಡಿದ್ದಾರಲ್ಲ’ ಎಂಬ ಸಂಕೋಚ ಬೇಡ. ಒಡೆದ ಗುಲ್ಮ ಕೆಲವು ದಿನ ತಡೆದು ಆಮೇಲೆ ರಕ್ತ ಸುರಿಸುವುದೂ ಉಂಟು.

ಕಾನೂನೂ ಈಗ ನಮ್ಮ ಕಡೆಗಿದೆ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಪೊಲೀಸು ಕಾಗದಪತ್ರ ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. ಸರಕಾರಿ ಆಗಲಿ ಖಾಸಗಿ ಆಗಲಿ, ಎಲ್ಲ ವೈದ್ಯರಿಗೂ ಅದು ಅನ್ವಯ. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕನಿಗೆ ಕಿರುಕುಳವಾಗದಂತೆ 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಯಿತು. ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಗ್ರಾಂಟ್ ರೋಡಿನಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಇಂದು ಅಲ್ಟ್ರಾಸೌಂಡ್, ಸಿ.ಟಿ. ಯಂತ್ರಗಳಿವೆ, ಅವನ್ನು ಬಲ್ಲ ವೈದ್ಯರಿದ್ದಾರೆ. ಅಲ್ಲಿಯವರೆಗೆ ಹೊತ್ತಿಗೆ ಸರಿಯಾಗಿ ತಲುಪಿಸುವುದು, ಬೇಕಾದರೆ ಮಾರನೆಯ ದಿನ ಮತ್ತೆ ತಲುಪಿಸುವುದು ನಮ್ಮ ಕೆಲಸ. ಸಂಘದ ಬಾಂಧವರು ಇಷ್ಟನ್ನು ಮನೆಯವರಿಗೂ ತಮ್ಮಲ್ಲಿ ದುಡಿಯುವ ಹುಡುಗರಿಗೂ ಓದಿ ಹೇಳಿದರೆ ಈ ಬರಹ ಸಾರ್ಥಕವೆಂದು ನಾವು ಭಾವಿಸುತ್ತೇವೆ.